ಬೆಲ್ ಸಾಹೇಬರೂ ಹಿತ್ತಲಿನ ನಿಂಬೆಗಿಡವೂ

ಬ್ರಿಟಿಷರ ಕಾಲದಲ್ಲಿ ಇಲ್ಲಿನ ಚಿಟ್ಟೆಗಳ ಅಧ್ಯಯನ ಮಾಡಿದ ಟಿ.ಆರ್. ಬೆಲ್ ಕುರಿತು ಹೋದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಕುಮಟಾದ ನಿವೃತ್ತ ಮಾಸ್ತರರೊಬ್ಬರು ಪತ್ರ ಬರೆದಿದ್ದಾರೆ. ಕಾರವಾರದಲ್ಲಿ ಹತ್ತು ಜನರನ್ನು ಕೇಳಿದರಂತೆ, ಒಬ್ಬರಿಗೂ ಆ ಹೆಸರು ಗೊತ್ತಿರಲಿಲ್ಲವಂತೆ. ‘ಜನಕ್ಕೇ ಬೇಡವಾದವರನ್ನು ಸುಮ್ನೆ ಯಾಕೆ ನೆನಪಿಸುತ್ತೀರಿ?’ ಎಂದು ಕೇಳಿದ್ದಾರೆ.

ಮಾಸ್ತರೇ,

ನಿಮ್ಮ ಪತ್ರ ಓದಿ ಬೇಜಾರಾಯಿತು. ಅರಣ್ಯಾಧಿಕಾರಿಯಾಗಿ ಬಂದ ಬೆಲ್ ನಿವೃತ್ತರಾದ ಮೇಲೂ ಕಾರವಾರ ಬಿಡಲಿಲ್ಲ. 1948ರಲ್ಲಿ ಇಲ್ಲೇ ತೀರಿಕೊಂಡರು.

ಅವರು, ಕಲೆಕ್ಟರ್ ಡೇವಿಡ್ಸನ್, ಸುಂಕ ಮತ್ತು ಉಪ್ಪಿನ ಇಲಾಖೆಯ ಐಟ್ಕನ್ ಮೂವರೂ ಸೇರಿ ನಮ್ಮ ಜಿಲ್ಲೆಯ ಚಿಟ್ಟೆಗಳ ಬಗ್ಗೆ 1896ರ ಹೊತ್ತಿಗೆ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಹುಳ ಹುಡುಕುವುದು, ಅದು ಯಾವ ಗಿಡದ ಎಲೆ ತಿನ್ನುತ್ತದೆ ಎಂದು ನೋಡುವುದು, ತಂದು ಸಾಕುವುದು, ಚಿಟ್ಟೆ ಹೊರಬರುವ ತನಕ ಕಾಯುವುದು. ಅವರ ಬರಹದ ಬೆನ್ನೆಲುಬು ಇದೇ. ಪಶ್ಚಿಮ ಘಟ್ಟದ ಯಾವ ಚಿಟ್ಟೆಗೆ ಯಾವ ಗಿಡ ಎಂದು ಪಟ್ಟಿ ಮಾಡುವವರು ಇವತ್ತಿಗೂ ಬೆಲ್ ಬರೆದದ್ದನ್ನು ತೆಗೆದು ನೋಡುತ್ತಾರೆ. ಹಾಕ್ ಮಾತ್ ಎಂಬ ದಪ್ಪ ಮೈಯ ಪತಂಗಗಳ ಬಗ್ಗೆ ಮೇಜರ್ ಸ್ಕಾಟ್ ಜೊತೆ ಬರೆದ ಗ್ರಂಥ 1937ರಲ್ಲಿ ಬಂದಾಗ ಬೆಲ್‌ಗೆ ಎಪ್ಪತ್ತು ದಾಟಿತ್ತು.

ಈಗ ಚಿಟ್ಟೆಯ ಫೋಟೊ ಜಾಸ್ತಿ. ಅದು ಒಳ್ಳೆಯದೇ. ಆದರೆ ಹುಳವನ್ನು ಯಾರೂ ನೋಡುವುದಿಲ್ಲ, ಕಂಡರೆ ಹೊಸಕಿ ಹಾಕುತ್ತಾರೆ. ನನಗೆ ಸಂಕಟವಾಗುವುದು ಅಲ್ಲೇ.

ಕಳೆದ ಮಳೆಗಾಲ ನಿಂಬೆಗಿಡದಿಂದ ಒಂದು ಹುಳ ತಂದು ಹಾರ್ಲಿಕ್ಸ್ ಬಾಟ್ಲಿಯಲ್ಲಿಟ್ಟು, ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿದ್ದೆ. ಮೊದಲು ಥೇಟ್ ಹಕ್ಕಿ ಹಿಕ್ಕೆಯ ಹಾಗಿತ್ತು. ಪೊರೆ ಕಳಚುತ್ತ ಕಳಚುತ್ತ ಎಲೆಯದೇ ಹಸಿರಾಯಿತು. ಕಡ್ಡಿ ತಾಗಿಸಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಚಾಚಿ ಘಾಟು ವಾಸನೆ ಬಿಡುತ್ತಿತ್ತು. ಒಂದು ದಿನ ತಿನ್ನುವುದು ನಿಲ್ಲಿಸಿತು. ಸೊಂಟಕ್ಕೊಂದು ನೂಲು ಸುತ್ತಿಕೊಂಡು ಕಡ್ಡಿಗೆ ಒರಗಿ ಕೋಶವಾಯಿತು. ಹನ್ನೊಂದನೇ ಬೆಳಿಗ್ಗೆ ನೋಡಿದರೆ ಕಪ್ಪು ಚಿಟ್ಟೆಯೊಂದು ಒದ್ದೆ ರೆಕ್ಕೆ ಒಣಗಿಸಿಕೊಳ್ಳುತ್ತ ಕೂತಿತ್ತು. ಪಕ್ಕದ ಮನೆ ಹುಡುಗಿ ಅದು ಹಾರುವ ತನಕ ಶಾಲೆಗೆ ಹೊರಡಲೇ ಇಲ್ಲ. ಅವಳಿಗೆ ಬೆಲ್ ಯಾರೆಂದು ಆಮೇಲೆ ಹೇಳಿದೆ. ಕಣ್ಣರಳಿಸಿ ಕೇಳಿದಳು.

ಅವರು ಬರೆದದ್ದೆಲ್ಲ ಇಂಗ್ಲಿಷಿನಲ್ಲಿದೆ, ಹಳೆಯ ಸಂಪುಟಗಳಲ್ಲಿದೆ. ಕನ್ನಡಕ್ಕೆ ತರುವ ಕೆಲಸ ನಮ್ಮಂಥ ಪತ್ರಿಕೆಗಳೇ ಮಾಡಬೇಕಿತ್ತು. ಮುಂದಿನ ಸಂಚಿಕೆಯಿಂದ ಒಂದೊಂದು ಗಿಡ, ಅದರ ಚಿಟ್ಟೆ ಎಂದು ಶುರು ಮಾಡುತ್ತೇವೆ. ಮೊದಲು ಈಶ್ವರಿ ಬಳ್ಳಿ, ಆಮೇಲೆ ಕರಿಬೇವು, ದಾಲ್ಚಿನ್ನಿ.

ನಿಮ್ಮ ಹಿತ್ತಲಲ್ಲೂ ನಿಂಬೆಗಿಡ ಇರಬೇಕಲ್ವಾ? ಚಿಗುರು ಬಂದಾಗ ಎಲೆ ತಿರುಗಿಸಿ ನೋಡಿ. ಹುಳ ಸಿಕ್ಕರೆ ತಾರೀಖು, ಗಿಡದ ಹೆಸರು ಬರೆದಿಟ್ಟು ಕಳಿಸಿ. ಅಚ್ಚು ಮಾಡುತ್ತೇವೆ.

– ಸಂಪಾದಕ