ಹಳೆಯ ಪ್ಲಾಸ್ಟಿಕ್ ಮಾದರಿ ಕಾರಿನ ದಪ್ಪ ಎನಾಮಲ್ ಬಣ್ಣ ತೆಗೆದು, ಕಲಬುರಗಿಯ ಈ ಬೇಸಿಗೆಯಲ್ಲಿ ಹೊಸದಾಗಿ ಬಳಿಯುವುದು ಹೇಗೆ?

ಮೊದಲು ಥಿನ್ನರ್ ಬಾಟಲಿಯನ್ನು ದೂರವಿಡಿ. ಜೋಡಿಸಿ ಕಟ್ಟುವ ಈ ಕಿಟ್‌ಗಳ ಮೈ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ಥಿನ್ನರ್ ಅಥವಾ ಅಸಿಟೋನ್ ತಗುಲಿದರೆ ಬಣ್ಣದ ಜೊತೆಗೆ ಬಾಗಿಲಿನ ಸೂಕ್ಷ್ಮ ಗೆರೆಗಳೂ ಕರಗಿಹೋಗುತ್ತವೆ. ಹಳೆಯ ಎನಾಮಲ್‌ಗೆ ವಾಹನಗಳ ಬ್ರೇಕಿಗೆ ಹಾಕುವ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಒಳ್ಳೆಯದು. ಕೈಗವಸು ಹಾಕಿಕೊಂಡು, ಮುಚ್ಚಳದ ಡಬ್ಬಿಯಲ್ಲಿ ಮೈಯನ್ನಷ್ಟೇ ಮುಳುಗಿಸಿಡಿ. ಬಣ್ಣ ಸುಕ್ಕುಗಟ್ಟಿ ಮೇಲೆದ್ದಾಗ ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿ, ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕಿಟಕಿಗಳ ಪಾರದರ್ಶಕ ಭಾಗಗಳನ್ನು ಅದ್ದಲೇಬೇಡಿ.

ಆ ಕಿಟಕಿಯ ಮೇಲೆ ಅಂಟಿನ ಬೆರಳಚ್ಚು ಕೂತಿದ್ದರೆ 2000 ನಂಬರಿನ ಮರಳು ಕಾಗದವನ್ನು ನೀರಿನಲ್ಲಿ ನೆನೆಸಿ ಮೃದುವಾಗಿ ಉಜ್ಜಿ. ಮಬ್ಬು ಹೆಚ್ಚಾದಂತೆ ಕಂಡರೂ ಗಾಬರಿ ಬೇಡ. ಬಳಿಕ ಬಿಳಿ ಟೂತ್‌ಪೇಸ್ಟ್ ಹಚ್ಚಿ ಹತ್ತಿಬಟ್ಟೆಯಿಂದ ತಿಕ್ಕುತ್ತ ಹೋದರೆ ಹೊಳಪು ಮರಳುತ್ತದೆ.

ಟೈರುಗಳನ್ನೂ ನೋಡಿ. ಹಳೆಯ ಮೆತ್ತನೆಯ ವಿನೈಲ್ ಟೈರಿನಿಂದ ಒಸರುವ ಪ್ಲಾಸ್ಟಿಸೈಜರ್ (ವಿನೈಲನ್ನು ಮೆತ್ತಗಿಡುವ ರಾಸಾಯನಿಕ) ಪ್ಲಾಸ್ಟಿಕ್ ಚಕ್ರವನ್ನೇ ಕರಗಿಸಿಬಿಡುತ್ತದೆ. ಅವೆರಡನ್ನೂ ಬೇರೆ ಬೇರೆ ಪೊಟ್ಟಣದಲ್ಲಿಡಿ.

ಇನ್ನು ನಮ್ಮ ಬಿಸಿಲು. ಮೇ ತಿಂಗಳ 40 ಡಿಗ್ರಿಯಲ್ಲಿ ಮಧ್ಯಾಹ್ನ ಸ್ಪ್ರೇ ಮಾಡಿದರೆ ಹನಿಗಳು ಗಾಳಿಯಲ್ಲೇ ಒಣಗಿ, ಮೈ ತರಿತರಿಯಾಗುತ್ತದೆ. ಬೆಳಗಿನ ತಂಪಿನಲ್ಲಿ, ಧೂಳೇಳುವ ಮುನ್ನ, ತೆಳುವಾಗಿ ಬಳಿಯಿರಿ. ಒಣಗಲು ಮಾಳಿಗೆಯ ಮೇಲಿಡಬೇಡಿ, ಮೈ ಸೊಟ್ಟಗಾದೀತು. ಆದರೆ ಹಳದಿಯಾದ ಡೆಕಾಲ್ ಹಾಳೆಗೆ (ನೀರಿನಲ್ಲಿ ನೆನೆಸಿ ಮೈಗೆ ಅಂಟಿಸುವ ಚಿತ್ರಗಳ ಹಾಳೆ) ಇದೇ ಬಿಸಿಲು ಮದ್ದು: ಪಾರದರ್ಶಕ ಚೀಲದಲ್ಲಿಟ್ಟು ಕಿಟಕಿ ಗಾಜಿಗೆ ಅಂಟಿಸಿದರೆ ಹಳದಿ ನಿಧಾನವಾಗಿ ಬಿಳುಚುತ್ತದೆ. ನೀರಿಗೆ ಹಾಕುವ ಮೊದಲು ಅದಕ್ಕೊಂದು ಪದರ ಕ್ಲಿಯರ್ ಲ್ಯಾಕರ್ ಹೊಡೆಯಿರಿ. ಇಲ್ಲದಿದ್ದರೆ ಹಳೆಯ ಡೆಕಾಲ್ ನೀರಿನಲ್ಲಿ ಚೂರಾಗಬಹುದು.