ತೋಳು ನೋಡುವುದನ್ನು ಬಿಡಿ, ಪಕ್ಕದಲ್ಲಿ ಮಲಗಿಸಿಕೊಳ್ಳಿ

ನಿಮ್ಮ ನಾಲ್ಕು ಪುಟಗಳ ಪತ್ರವನ್ನು ಎರಡು ಸಲ ಓದಿದೆ. ದ್ವಿತೀಯ ಪಿಯುಸಿಯಲ್ಲಿರುವ 17ರ ಮಗಳು ಸುಡುಬೇಸಿಗೆಯಲ್ಲೂ ಉದ್ದ ತೋಳಿನ ಚೂಡಿದಾರವನ್ನೇ ತೊಡುತ್ತಿದ್ದುದು, ಬಟ್ಟೆ ಒಗೆಯುವಾಗ ಕಂಡ ಕಲೆಯಿಂದ ಅವಳು ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿರುವುದು ತಿಳಿದದ್ದು, ನಾದಿನಿಯವರು ದೇವರ ದೀಪ ಮುಟ್ಟಿಸಿ ಆಣೆ ಹಾಕಿಸಿದ್ದು, ಅಂದಿನಿಂದ ನೀವು ಪ್ರತಿ ರಾತ್ರಿ ಅವಳ ತೋಳು ಪರೀಕ್ಷಿಸುತ್ತಿರುವುದು, ಇಷ್ಟನ್ನೂ ಬರೆದು, ಆಣೆ ಮುರಿದವಳು ಮಾತಿಗೆ ನಿಲ್ಲುವಂತೆ ಮಾಡುವುದು ಹೇಗೆಂದು ಕೇಳಿದ್ದೀರಿ.

ಮೂರನೆಯ ಪುಟದ ಕೊನೆಗೆ, ಆವರಣದೊಳಗೆ, ಒಂದು ಸಾಲಿದೆ. ಆ ಕಲೆ ನಿಮ್ಮ ಕಣ್ಣಿಗೆ ಬೀಳುವುದಕ್ಕೂ ತಿಂಗಳ ಮುಂಚೆ ಅವಳು ದಿಂಬು ಹಿಡಿದು ಬಂದು ‘ಅಮ್ಮಾ, ಇವತ್ತು ನಿನ್ನ ಪಕ್ಕ ಮಲಗಲಾ?’ ಎಂದು ಕೇಳಿದ್ದಳು. ‘ಇಷ್ಟು ದೊಡ್ಡವಳಾಗಿ ಇದೇನೇ, ಹೋಗಿ ಓದಿಕೋ’ ಎಂದು ಕಳುಹಿಸಿದಿರಿ. ನಿಮ್ಮನ್ನು ದೂರಲಾರೆ, ಪರೀಕ್ಷೆಯ ವರ್ಷದಲ್ಲಿ ಯಾವ ತಾಯಿಯಾದರೂ ಹಾಗೇ ಅನ್ನುತ್ತಿದ್ದರು. ಆದರೆ ನನಗೆ ಮುಖ್ಯವಾಗಿ ಕಂಡದ್ದು ಆ ಸಾಲೇ.

ನಾದಿನಿಯವರ ಮೇಲೆ ಮಾತ್ರ ನನಗೆ ಸಿಟ್ಟಿದೆ. ನೋವಿನಲ್ಲಿರುವ ಮಕ್ಕಳಿಂದ ಆಣೆ ಹಾಕಿಸಬಾರದೆಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ತಡೆಯಲಾಗದ ಸಂಕಟ, ಸಿಟ್ಟು ಅಥವಾ ಮರಗಟ್ಟಿದಂಥ ಶೂನ್ಯತೆ ಈ ಗಾಯದಿಂದ ಒಂದು ಗಳಿಗೆ ತಗ್ಗುತ್ತದೆ. ಬೆನ್ನಿಗೇ ನಾಚಿಕೆ ಬರುತ್ತದೆ, ಆ ನಾಚಿಕೆಯೇ ಮುಂದಿನ ಗಾಯಕ್ಕೆ ದೂಡುತ್ತದೆ. ಆಣೆಯಿಂದ ನಾಚಿಕೆಗೆ ದೈವದ್ರೋಹದ ಭಯವೂ ಸೇರಿತು, ಅಷ್ಟೆ. ಇದೆಲ್ಲ ‘ನಾಟಕ’ ಎಂಬ ನಾದಿನಿಯವರ ಮಾತೂ ಸುಳ್ಳು: ನಾಟಕ ಆಡುವವರು ತೋಳು ಮುಚ್ಚಿಕೊಳ್ಳುವುದಿಲ್ಲ.

ಅಮೆರಿಕದ ಮನೋವಿಜ್ಞಾನಿ ಮಾರ್ಷಾ ಲೈನ್‌ಹ್ಯಾನ್ 17ನೇ ವಯಸ್ಸಿನಲ್ಲಿ ಇದೇ ಕಾರಣಕ್ಕೆ ಆಸ್ಪತ್ರೆ ಸೇರಿದ್ದವರು. ಮುಂದೆ ಇಂಥವರಿಗಾಗಿಯೇ ಒಂದು ಚಿಕಿತ್ಸಾ ಕ್ರಮವನ್ನು ರೂಪಿಸಿ, 2011ರಲ್ಲಿ ತಮ್ಮ ಕಥೆಯನ್ನು ಬಹಿರಂಗವಾಗಿ ಹೇಳಿಕೊಂಡರು. ಆ ಚಿಕಿತ್ಸೆಯಲ್ಲಿ ಕಲಿಸುವುದು ತುಡಿತ ಏರಿ ಇಳಿಯುವವರೆಗೆ ತಾಳಿಕೊಳ್ಳುವ ವಿದ್ಯೆಯನ್ನು: ಮುಖಕ್ಕೆ ತಣ್ಣೀರು, ನಿಧಾನವಾದ ಉಸಿರು, ಬಿರುಸಿನ ನಡಿಗೆ, ಯಾರಾದರೊಬ್ಬರೊಡನೆ ಮಾತು. ಇದನ್ನು ಅವಳು ಕಲಿಯಬೇಕಾದದ್ದು ಚಿಕಿತ್ಸಕರಿಂದ.

ನೀವು ಮಾಡಬೇಕಾದದ್ದು ಒಂದೇ. ಇಂದು ರಾತ್ರಿ ತೋಳು ನೋಡಬೇಡಿ. ಅವಳ ಹಾಸಿಗೆಯನ್ನು ನಿಮ್ಮ ಕೋಣೆಗೆ ತಂದು ಹಾಸಿ, ದೀಪ ಆರಿಸಿದ ಮೇಲೆ ‘ಅವತ್ತು ನಿನ್ನನ್ನು ವಾಪಸು ಕಳಿಸಿದ್ದು ನನ್ನ ತಪ್ಪು’ ಎಂದು ಹೇಳಿ. ಅವಳು ಮಾತಾಡಿದರೆ ಕೇಳಿಸಿಕೊಳ್ಳಿ, ಸಾಯಬೇಕೆನ್ನಿಸುತ್ತದೆಯೇ ಎಂದೂ ನೇರವಾಗಿಯೇ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಬೆಳಗಿನವರೆಗೆ ಕಾಯದೆ, ಅವಳನ್ನು ಒಂಟಿಯಾಗಿ ಬಿಡದೆ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಲ್ಲವೆಂದರೂ ನಿರ್ಲಕ್ಷಿಸುವಂತಿಲ್ಲ, ಈ ಗಾಯಗಳು ಮುಂದಿನ ಅಪಾಯವನ್ನು ಹೆಚ್ಚಿಸುತ್ತವೆ; ಮರುದಿನವೇ ಇಬ್ಬರೂ ಕುಳಿತು 14416ಕ್ಕೆ ಕರೆ ಮಾಡಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಅದು. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ, ಮನೋವೈದ್ಯರಲ್ಲಿಗೆ ದಾರಿಯನ್ನೂ ತೋರಿಸುತ್ತಾರೆ.

ನಾದಿನಿಯವರಿಗೆ ಇದಾವುದನ್ನೂ ವರದಿ ಮಾಡಬೇಕಾಗಿಲ್ಲ.