ಇಂಗ್ಲಿಷ್ ಬಾರದ ಇಂಗ್ಲೆಂಡಿನ ರಾಜ: ಗಡಿನಾಡಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಕಾಸರಗೋಡು ಕಡೆಯಿಂದಲೇ ಜಾಸ್ತಿ ಪತ್ರಗಳು ಬಂದಿವೆ. ಎಲ್ಲವೂ ಯುರೋಪಿನ ರಾಜ ರಾಣಿಯರ ಬಗ್ಗೆ. ಕಿರೀಟ, ಅರಮನೆ ಬಗ್ಗೆ ಕೇಳಿದವರು ಕಡಿಮೆ. ದೊರೆ ಬದಲಾದಾಗ ಕೆಳಗಿದ್ದ ಜನರ ಗತಿ ಏನಾಯಿತು ಎಂದು ಕೇಳಿದವರೇ ಹೆಚ್ಚು. ನನಗೂ ಅದೇ ಮುಖ್ಯ ಅನ್ನಿಸುತ್ತದೆ.

ಇಂಗ್ಲೆಂಡನ್ನು ಇಂಗ್ಲಿಷ್ ಸರಿಯಾಗಿ ಬಾರದ ರಾಜನೊಬ್ಬ ಆಳಿದ್ದನಂತೆ, ನಿಜವಾ? ಜನ ಹೇಗೆ ಒಪ್ಪಿಕೊಂಡರು?
(ನಿವೃತ್ತ ಶಿಕ್ಷಕರು, ಬದಿಯಡ್ಕ)

ನಿಜ. ಅವನು ಒಂದನೇ ಜಾರ್ಜ್. ಅವನಿಗಿಂತ ಮೊದಲು ಆಳಿದ ರಾಣಿ ಆನ್ 17 ಸಲ ಗರ್ಭಿಣಿಯಾಗಿದ್ದಳು. ಒಂದು ಮಗುವೂ ಉಳಿಯಲಿಲ್ಲ, ಪಾಪ. 1714ರಲ್ಲಿ ಅವಳು ತೀರಿಕೊಂಡಾಗ ರಕ್ತಸಂಬಂಧದಲ್ಲಿ ಪಟ್ಟಕ್ಕೆ ಹತ್ತಿರ ಇದ್ದವರು 50ಕ್ಕೂ ಹೆಚ್ಚು ಮಂದಿ. ಆದರೆ ಅವರೆಲ್ಲ ಕ್ಯಾಥೊಲಿಕರು. ಕ್ಯಾಥೊಲಿಕರಿಗೆ ಪಟ್ಟ ಇಲ್ಲ ಎಂದು ಪಾರ್ಲಿಮೆಂಟ್ 1701ರಲ್ಲೇ ಕಾನೂನು ಮಾಡಿತ್ತು. ಹಾಗಾಗಿ ಅವರನ್ನೆಲ್ಲ ಬಿಟ್ಟು ಜರ್ಮನಿಯ ಹ್ಯಾನೋವರ್‌ನಿಂದ 54 ವರ್ಷದ ಜಾರ್ಜ್‌ನನ್ನು ಕರೆಸಿದರು. ಮಂತ್ರಿಗಳ ಜೊತೆ ಅವನು ಹೆಚ್ಚಾಗಿ ಫ್ರೆಂಚಿನಲ್ಲಿ ವ್ಯವಹರಿಸುತ್ತಿದ್ದ.

ಎಲ್ಲರೂ ಒಪ್ಪಿದರು ಅಂತ ಹೇಳಲಾಗದು. ಮರುವರ್ಷವೇ ಸ್ಕಾಟ್ಲೆಂಡಿನಲ್ಲಿ ದಂಗೆ ಎದ್ದಿತು. ಆದರೆ ಜಾರ್ಜ್ ತನ್ನ ಜರ್ಮನ್ ಭಾಷೆಯನ್ನು ಜನರ ಮೇಲೆ ಹೇರಲು ಹೋಗಲಿಲ್ಲ. ಪಾರ್ಲಿಮೆಂಟ್ ಇಂಗ್ಲಿಷಿನಲ್ಲೇ ಮಾತಾಡಿತು. ಅವನ ಕಾಲದಲ್ಲೇ ರಾಬರ್ಟ್ ವಾಲ್ಪೋಲ್ ಬಲವಾಗಿ ಬೆಳೆದ. ಇಂಗ್ಲೆಂಡಿನ ಮೊದಲ ಪ್ರಧಾನಿ ಎಂದು ಈಗ ಅವನನ್ನೇ ಹೇಳುತ್ತಾರೆ.

ಸ್ಪೇನಿನ ಕತೆ ಬೇರೆ. 1517ರಲ್ಲಿ ಅಲ್ಲಿಗೆ ರಾಜನಾಗಿ ಬಂದ ಚಾರ್ಲ್ಸ್‌ಗೆ 17 ವರ್ಷ. ಹುಟ್ಟಿದ್ದು ಈಗಿನ ಬೆಲ್ಜಿಯಂನ ಘೆಂಟ್‌ನಲ್ಲಿ, ಬೆಳೆದದ್ದು ಫ್ರೆಂಚ್ ಮಾತಿನ ನಡುವೆ. ತನ್ನ ಕಡೆಯವರನ್ನೇ ದೊಡ್ಡ ಹುದ್ದೆಗಳಲ್ಲಿ ಕೂರಿಸಿದ. ಮೊದಲು ನಮ್ಮ ಭಾಷೆ ಕಲಿಯಿರಿ, ಹೊರಗಿನವರಿಗೆ ಹುದ್ದೆ ಕೊಡಬೇಡಿ ಎಂದು 1518ರಲ್ಲಿ ಅಲ್ಲಿನ ಸಭೆ ಅವನಿಗೆ ಹೇಳಿತು. ಕೇಳಲಿಲ್ಲ. 1520ರಲ್ಲಿ ಊರೂರುಗಳು ದಂಗೆ ಎದ್ದವು, ಮರುವರ್ಷ ಸೈನ್ಯ ಅದನ್ನು ತುಳಿದು ಹಾಕಿತು. ಆಮೇಲೆ ಅವನು ಸ್ಪ್ಯಾನಿಷ್ ಕಲಿತ. ಕೊನೆಗಾಲ ಕಳೆಯಲು ಆರಿಸಿಕೊಂಡದ್ದೂ ಸ್ಪೇನಿನ ಒಂದು ಮಠವನ್ನೇ.

ನಮ್ಮ ತುಳುನಾಡಿನಲ್ಲಿ ಅಳಿಯಸಂತಾನ ಇತ್ತು. ಯುರೋಪಿನಲ್ಲಿ ಹೆಣ್ಣಿಗೆ ಪಟ್ಟ ಕೊಡಲು ಯಾಕೆ ಅಷ್ಟು ತಕರಾರು?
(ಗೃಹಿಣಿ, ಕುಂಬಳೆ)

ಅಳಿಯಸಂತಾನದಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತದೆ, ಆದರೂ ಯಜಮಾನಿಕೆ ಎಷ್ಟೋ ಮನೆಗಳಲ್ಲಿ ಸೋದರಮಾವನ ಕೈಯಲ್ಲೇ ಇತ್ತಲ್ವಾ? ಅದೇನೇ ಇರಲಿ, ಉಳ್ಳಾಲದ ಅಬ್ಬಕ್ಕ ರಾಣಿಯಾಗಿ ಪೋರ್ಚುಗೀಸರನ್ನು ಎದುರಿಸಿದ್ದು ಇದೇ ಪದ್ಧತಿಯ ಚೌಟ ಮನೆತನದಿಂದ ಬಂದು.

ಫ್ರಾನ್ಸಿನಲ್ಲಿ ಹೆಣ್ಣಿಗೆ ಪಟ್ಟವೇ ಇರಲಿಲ್ಲ. ಮಗಳ ಮಗನಿಗೂ ಇಲ್ಲ. ಹ್ಯಾನೋವರ್‌ನಲ್ಲೂ ಗಂಡು ಇರುವಾಗ ಹೆಣ್ಣಿಗೆ ಪಟ್ಟ ಬರುತ್ತಿರಲಿಲ್ಲ. ಅದಕ್ಕೇ 1837ರಲ್ಲಿ 18 ವರ್ಷದ ವಿಕ್ಟೋರಿಯಾಗೆ ಇಂಗ್ಲೆಂಡ್ ಸಿಕ್ಕಿತು, ಹ್ಯಾನೋವರ್ ಅವಳ ಚಿಕ್ಕಪ್ಪನಿಗೆ ಹೋಯಿತು. ಜಾರ್ಜ್ ಕಾಲದಿಂದ ಒಂದೇ ದೊರೆಯ ಕೆಳಗಿದ್ದ ಎರಡು ನಾಡುಗಳು 123 ವರ್ಷಗಳ ನಂತರ ಬೇರೆಯಾದವು, ಅದೂ ಪಟ್ಟಕ್ಕೆ ಬಂದದ್ದು ಹುಡುಗಿ ಎಂಬ ಒಂದೇ ಕಾರಣಕ್ಕೆ.

ಆಸ್ಟ್ರಿಯಾದ ಮರಿಯಾ ತೆರೇಸಾಳ ಪಾಡು ಇನ್ನೂ ಕಷ್ಟ. ಗಂಡುಮಕ್ಕಳಿಲ್ಲದ ಅಪ್ಪ, ಮಗಳೇ ಆಳಬೇಕು ಅಂತ ಸುತ್ತಲಿನ ರಾಜರಿಂದ ವರ್ಷಗಟ್ಟಲೆ ಸಹಿ ಸಂಗ್ರಹಿಸಿದ್ದ. 1740ರಲ್ಲಿ ಅವನು ಸತ್ತ ಎರಡೇ ತಿಂಗಳಲ್ಲಿ ಪ್ರಷ್ಯದ ಫ್ರೆಡ್ರಿಕ್ ಅವಳ ಸೈಲೀಸಿಯಾ ಪ್ರಾಂತ್ಯಕ್ಕೆ ಸೈನ್ಯ ನುಗ್ಗಿಸಿದ. ಅವಳಿಗೆ ಆಗ 23 ವರ್ಷ, ಹೊಟ್ಟೆಯಲ್ಲಿ ಮಗು. ಮುಂದಿನ ವರ್ಷ ತನ್ನ ಆಳ್ವಿಕೆಯ ಕೆಳಗೇ ಇದ್ದ ಹಂಗೇರಿಯ ಸರದಾರರ ಮುಂದೆ ನಿಂತು ನೆರವು ಕೇಳಿದಳು, ಅವರು ಕೊಟ್ಟರು. ಸೈಲೀಸಿಯಾ ಹೋಯಿತು, ಆದರೆ ಪಟ್ಟ ಉಳಿಯಿತು. 40 ವರ್ಷ ಆಳಿದಳು, 16 ಮಕ್ಕಳನ್ನು ಹೆತ್ತಳು. ಫ್ರಾನ್ಸಿನಲ್ಲಿ ತಲೆ ಕಳೆದುಕೊಂಡ ಮೇರಿ ಆಂಟೊನೆಟ್ ಅವಳ ಕೊನೆಯ ಮಗಳು.

ಈಗ ಕಾನೂನು ಬದಲಾಗಿದೆ. ಗಂಡಾಗಲಿ ಹೆಣ್ಣಾಗಲಿ ಹಿರಿಯ ಮಗುವಿಗೇ ಪಟ್ಟ ಎಂದು ಸ್ವೀಡನ್ 1980ರಲ್ಲಿ ಮಾಡಿತು. ಬ್ರಿಟನ್ ಆ ಕಾನೂನು ಪಾಸು ಮಾಡಿದ್ದು 2013ರಲ್ಲಿ. ತುಂಬಾ ತಡ.

ಇಲ್ಲಿ ಎಷ್ಟೋ ಅರ್ಜಿ ಫಾರಂಗಳು ನಮ್ಮ ಹಿರಿಯರಿಗೆ ಓದಲು ಬಾರದ ಲಿಪಿಯಲ್ಲಿ ಇರುತ್ತವೆ. ಬೇರೆ ಭಾಷೆ ಹೇರಿ ಸೋತ ರಾಜ ಯಾರಾದರೂ ಇದ್ದಾರಾ?
(ಪದವಿ ವಿದ್ಯಾರ್ಥಿನಿ, ಮಂಜೇಶ್ವರ)

ಇದ್ದಾನೆ. ಈಗ ಹೇಳಿದೆನಲ್ಲ, ಮರಿಯಾ ತೆರೇಸಾಳ ಹೊಟ್ಟೆಯಲ್ಲಿದ್ದ ಮಗು, ಅವನೇ. ಎರಡನೇ ಜೋಸೆಫ್. ಕೆಟ್ಟವನಲ್ಲ, ಅದೇ ಇಲ್ಲಿ ಗಮನಿಸಬೇಕಾದ್ದು. 1781ರಲ್ಲಿ ಬೇರೆ ಪಂಗಡದ ಕ್ರೈಸ್ತರಿಗೆ ಅವರ ಪೂಜೆ ಮಾಡಿಕೊಳ್ಳಲು ಬಿಟ್ಟ. ರೈತರನ್ನು ಜೀತದಿಂದ ಬಿಡಿಸಲು ಹೊರಟ. ಆದರೆ ಇಡೀ ರಾಜ್ಯಕ್ಕೆ ಒಂದೇ ಆಡಳಿತ ಭಾಷೆ ಇದ್ದರೆ ಕೆಲಸ ಸಲೀಸು ಅಂತ ಅವನ ತಲೆಗೆ ಬಂತು. ಹಂಗೇರಿಯ ಕಚೇರಿಗಳಲ್ಲಿ ಆಗ ಲ್ಯಾಟಿನ್ ನಡೆಯುತ್ತಿತ್ತು. 1784ರಲ್ಲಿ ಅದನ್ನು ತೆಗೆದು ಜರ್ಮನ್ ಹಾಕಿದ. ಕಲಿಯಲು ಅಧಿಕಾರಿಗಳಿಗೆ ಗಡುವು ಕೊಟ್ಟ. ಕಲಿಯದವರು ಕೆಲಸ ಬಿಡಬೇಕು. ಅದೇ ವರ್ಷ ಹಂಗೇರಿಯವರು ಪವಿತ್ರ ಅಂತ ನಂಬಿದ ಕಿರೀಟವನ್ನೂ ವಿಯೆನ್ನಾಗೆ ತರಿಸಿಕೊಂಡ. ಅವನ ತಾಯಿಗೆ ಕಷ್ಟಕಾಲದಲ್ಲಿ ಕೈ ಹಿಡಿದದ್ದು ಇದೇ ಜನ!

ಊರೂರಿನ ಸಭೆಗಳಿಂದ ಆಕ್ಷೇಪಣೆ ಬಂತು. ಅಲ್ಲಿಯವರೆಗೆ ಮನೆಮಾತು ಅಂತ ಸುಮ್ನೆ ಇದ್ದ ಹಂಗೇರಿಯನ್ ಭಾಷೆಯ ಮೇಲೆ ಜನರಿಗೆ ಅಭಿಮಾನ ಬೆಳೆಯಿತು. ಪತ್ರಿಕೆ, ನಾಟಕ, ವ್ಯಾಕರಣ ಎಲ್ಲ ಹುಟ್ಟಿಕೊಂಡವು. 1790ರ ಜನವರಿಯಲ್ಲಿ, ಸಾಯಲು ಕೆಲವೇ ವಾರ ಇದ್ದಾಗ, ಜೋಸೆಫ್ ಹಂಗೇರಿಯಲ್ಲಿ ಮಾಡಿದ ಹೆಚ್ಚಿನ ಆಜ್ಞೆಗಳನ್ನು ಹಿಂತೆಗೆದುಕೊಂಡ. ಕಿರೀಟವೂ ವಾಪಸ್ ಹೋಯಿತು.

ಆದರೆ ಇದರ ಮುಂದಿನ ಭಾಗವನ್ನೂ ನೀವು ಓದಬೇಕು. 1844ರಲ್ಲಿ ಹಂಗೇರಿಯನ್ ಭಾಷೆಗೆ ಅಧಿಕೃತ ಸ್ಥಾನ ಸಿಕ್ಕಿತು. ಆಮೇಲೆ ಅದೇ ಹಂಗೇರಿಯವರು ತಮ್ಮ ಗಡಿಯೊಳಗಿದ್ದ ಸ್ಲೋವಾಕ್, ರೊಮೇನಿಯನ್ ಜನರ ಮೇಲೆ ತಮ್ಮ ಭಾಷೆ ಹೇರತೊಡಗಿದರು. 1907ರ ಶಾಲಾ ಕಾನೂನು ಬಂದ ಮೇಲೆ ಬೇರೆ ಮಾತಿನ ಮಕ್ಕಳೂ ನಾಲ್ಕನೇ ತರಗತಿ ಮುಗಿಸುವಾಗ ಹಂಗೇರಿಯನ್ ಮಾತಾಡಲು, ಬರೆಯಲು ಕಲಿತಿರಬೇಕಾಯಿತು. ತಾವು ನೋವು ತಿಂದವರೇ ಹೀಗೆ ಮಾಡಿದರು. ನನಗೆ ಇದು ಜೋಸೆಫ್‌ನ ಆಜ್ಞೆಗಿಂತ ಹೆಚ್ಚು ಬೇಸರ ತರುತ್ತದೆ.

ನಮ್ಮ ಮನೆಯವರು ಮುಂಬೈ ಹೋಟೆಲ್ ಕೆಲಸದಲ್ಲಿ ಇದ್ದವರು. ಮುಂಬೈಯನ್ನು ವರದಕ್ಷಿಣೆಯಾಗಿ ಕೊಟ್ಟದ್ದು ಹೌದಾ?
(ಉಪ್ಪಳದ ಓದುಗರು)

ಹೌದು. ಪೋರ್ಚುಗಲ್‌ನ ರಾಜಕುಮಾರಿ ಕ್ಯಾಥರೀನ್ ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ನನ್ನು 1662ರಲ್ಲಿ ಮದುವೆಯಾದಳು. 1661ರ ಒಪ್ಪಂದದಲ್ಲಿ ಹಣ, ಆಫ್ರಿಕಾದ ತೀರದ ಟ್ಯಾಂಜಿಯರ್, ಜೊತೆಗೆ ಮುಂಬೈ ದ್ವೀಪ. ಇಲ್ಲಿನ ಪೋರ್ಚುಗೀಸ್ ಅಧಿಕಾರಿಗಳಿಗೆ ಬಿಟ್ಟುಕೊಡಲು ಮನಸ್ಸೇ ಇರಲಿಲ್ಲ, 1665ರವರೆಗೆ ಎಳೆದರು. 1668ರಲ್ಲಿ ಚಾರ್ಲ್ಸ್ ಅದನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟ. ದ್ವೀಪದಲ್ಲಿದ್ದ ಕೋಲಿ ಸಮುದಾಯದ ಮೀನುಗಾರರು, ಸೇಂದಿ ಇಳಿಸುವ ಭಂಡಾರಿ ಸಮುದಾಯದವರು, ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕ್ಯಾಥರೀನ್‌ಗೂ ಆ ಮದುವೆಯಿಂದ ಸುಖ ಸಿಗಲಿಲ್ಲ. ಮಕ್ಕಳಾಗಲಿಲ್ಲ, ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿದಳು.

ಅಜ್ಜನ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ ಸಿಕ್ಕಿತು. ಅವಳು ಇಲ್ಲಿಗೆ ಬಂದಿದ್ದಳಾ?
(ಅಡಿಕೆ ಕೃಷಿಕರು, ಪೆರ್ಲ)

ಬರಲೇ ಇಲ್ಲ. 63 ವರ್ಷ ಆಳಿದಳು, ವಯಸ್ಸಾದ ಮೇಲೆ ಅಬ್ದುಲ್ ಕರೀಮ್ ಎಂಬ ಆಗ್ರಾ ಕಡೆಯವನಿಂದ ಹಿಂದೂಸ್ತಾನಿ ಕಲಿತಳು, ಆದರೆ ಭಾರತಕ್ಕೆ ಕಾಲಿಡಲಿಲ್ಲ. ಕಂಪನಿಯ ಕೈಯಿಂದ ಆಡಳಿತ ರಾಣಿಗೆ ಬಂತು ಎಂಬ ಘೋಷಣೆ ಓದಿದ್ದು 1858ರ ನವೆಂಬರ್ 1ರಂದು. ನವೆಂಬರ್ 1 ಅಂದರೆ ಕಾಸರಗೋಡಿನವರಿಗೆ ಬೇರೆಯೇ ನೆನಪು, 1956ರಲ್ಲಿ ಕೇರಳಕ್ಕೆ ಸೇರಿದ ದಿನ. ಕಾಕತಾಳೀಯವೇ ಸರಿ, ಆದರೂ ಎರಡು ಸಲವೂ ಇಲ್ಲಿನವರ ಮೇಲಿನ ಸರ್ಕಾರ ಬದಲಾದದ್ದು ಅದೇ ತಾರೀಖಿಗೆ.

ನಾಣ್ಯವನ್ನು ಒಮ್ಮೆ ಸರಿಯಾಗಿ ನೋಡಿ. ಮುಖದ ಪಕ್ಕ ‘ಕ್ವೀನ್’ ಎಂದು ಇಂಗ್ಲಿಷಿನಲ್ಲಿ ಇದ್ದರೆ ಅದು 1877ಕ್ಕಿಂತ ಹಿಂದಿನದು. ಆ ವರ್ಷದ ಜನವರಿ 1ರಂದು ದೆಹಲಿಯಲ್ಲಿ ಅವಳನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದರು, ಅಲ್ಲಿಂದ ಮುಂದೆ ‘ಎಂಪ್ರೆಸ್’ ಎಂದು ಅಚ್ಚಾಯಿತು. ‘ಕ್ವೀನ್’ ಇದ್ದು, ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ಹೆಸರೂ 1840 ಎಂದೂ ಇದ್ದರೆ ಅದು ಕಂಪನಿ ಕಾಲದ್ದೇ. ಹುಣಸೆಹುಳಿ ಹಾಕಿ ತಿಕ್ಕಬೇಡಿ, ಅಕ್ಷರ ಸವೆಯುತ್ತದೆ, ಬೆಲೆಯೂ ಇಳಿಯುತ್ತದೆ. ತಾರೀಖು ಓದಿ ನಮಗೆ ಬರೆಯಿರಿ.